ಅಜ್ಜಾರು ಕೇಳಿದ ಲಕ್ಷ

ಹತ್ತು ನಿಮಿಷದ ಹಿಂದೆ ನಮ್ಮ ಸಮಿತಿಯ ಹಿರಿಯರು ಈ ಮೈಕಿನ ಮುಂದೆ ನಿಂತು, "ಎಲ್ಲಾರೂ ದಯಮಾಡಿ ಈ ಕಡಿ ಲಕ್ಷ ಕೊಡ್ರಿ" ಎಂದರು. ಹಿಂದಿನ ಸಾಲಿನಿಂದ ಯಾರೋ, "ನಮ್ಮ ಕಡಿ ಲಕ್ಷ ಎಲ್ಲೈತ್ರಿ, ಸಾಹುಕಾರ್ರನ್ನ ಕೇಳ್ರಿ" ಎಂದರು. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ನಕ್ಕ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಇವತ್ತು ಹೇಳಬೇಕೆಂದು ಬರೆದುಕೊಂಡು ಬಂದದ್ದು ಬೇರೆ ವಿಷಯ. ಆ ಹಾಳೆಯನ್ನು ಮಡಿಚಿ ಇಟ್ಟಿದ್ದೇನೆ. ಇವತ್ತು ಈ ಒಂದೇ ಮಾತನ್ನು ಹಿಡಿಯೋಣ. ಲಕ್ಷ.

ನೋಡಿ, ಎಂಥ ಮಾತಿದು. ಐದು ಸೊನ್ನೆ ಬರೆದು ಎಡಕ್ಕೆ ಒಂದು ಹಾಕಿದರೆ ಲಕ್ಷ. ಶಾಲೆಯಲ್ಲಿ ಮಾಸ್ತರರು ಕಿವಿ ಹಿಂಡಿ "ಲಕ್ಷ ಎಲ್ಲೈತಲೇ ನಿಂದು" ಎಂದು ಕೇಳುವುದೂ ಲಕ್ಷವೇ. ಮುಂದಿನ ಸಾಲಿನ ನಿವೃತ್ತ ಮಾಸ್ತರರು ಆಗಲೇ ತಲೆ ಅಲ್ಲಾಡಿಸುತ್ತಿದ್ದಾರೆ, ಸ್ವಾಮಿಗಳು ಯಕಾರ ನುಂಗಿದರು, ಅದು ಲಕ್ಷ್ಯ ಎಂದು. ಸರಿ ಮಾಸ್ತರರೇ, ಪುಸ್ತಕದಲ್ಲಿ ಯಕಾರ ಇದೆ. ನಮ್ಮ ಸೀಮೆಯ ಬಾಯಲ್ಲಿ ಅದು ಎಂದೋ ಉದುರಿಹೋಗಿದೆ. ಅಂಕಿಯೂ ಲಕ್ಷ, ಗಮನವೂ ಲಕ್ಷ. ಎರಡಕ್ಕೂ ಒಂದೇ ಮಾತು, ಒಂದೇ ಉಸಿರು.

ಅಂಕಿ ಎಂದರೆ ನಮಗೆ ಮೊದಲಿನಿಂದಲೂ ಬಹಳ ಪ್ರೀತಿ. ಶಾಸನಗಳನ್ನು ಓದುವವರನ್ನು ಕೇಳಿ. ಬನವಾಸಿ ಹನ್ನೆರಡು ಸಾವಿರ, ಗಂಗವಾಡಿ ತೊಂಬತ್ತಾರು ಸಾವಿರ, ರಟ್ಟಪಾಡಿ ಏಳೂವರೆ ಲಕ್ಷ ಎಂದು ನಾಡಿನ ಹೆಸರಿನ ಜೊತೆಗೇ ಅಂಕಿ ಕಟ್ಟಿ ಕಲ್ಲಿನಲ್ಲಿ ಕೆತ್ತಿಸಿದರು. ಏನು ಏಳೂವರೆ ಲಕ್ಷ? ಊರುಗಳೋ, ಹುಟ್ಟುವಳಿಯೋ, ಇನ್ನೇನೋ? ವಿದ್ವಾಂಸರು ಇವತ್ತಿಗೂ ಚರ್ಚೆ ಮಾಡುತ್ತಿದ್ದಾರೆ. ಅಂಕಿ ಕಲ್ಲಿನ ಮೇಲೆ ಉಳಿಯಿತು, ಎಣಿಸಿದ್ದು ಏನನ್ನು ಎಂಬುದು ಮರೆತುಹೋಯಿತು. ಜೀವರಾಶಿ ಎಷ್ಟು ಎಂದರೆ ಎಂಬತ್ತನಾಲ್ಕು ಲಕ್ಷ ಎನ್ನುತ್ತೇವೆ. ಯಾರು ಎಣಿಸಿದರು? ತಾಯಿ ಮಗನಿಗೆ "ನಿನಗ ಲಕ್ಷ ಸಲ ಹೇಳೀನಿ" ಎನ್ನುತ್ತಾಳೆ. ಅವಳು ಎಣಿಸಿದ್ದಾಳೆಯೇ? ಇಲ್ಲ. ನೀನು ಲಕ್ಷ ಕೊಡಲಿಲ್ಲ ಎಂಬುದಷ್ಟೇ ಅವಳ ದುಃಖ.

ಅಲ್ಲಿ ಕಂಬದ ಹತ್ತಿರ ಎದ್ದು ನಿಂತವರು ಕುಳಿತುಕೊಳ್ಳಿ. ಪ್ರಸಾದ ಇನ್ನೂ ಒಲೆಯ ಮೇಲಿದೆ. ಈಗ ಹೋದರೆ ಬರೀ ಹೊಗೆ ಸಿಗುತ್ತದೆ.

ಒಬ್ಬ ಸಾಹುಕಾರ. ಅವನ ಊರು ಇಲ್ಲಿಂದ ದೂರವಲ್ಲ. ಹೆಸರು ಕೇಳಬೇಡಿ, ಅವರ ಬೀಗರು ಈ ಸಭೆಯಲ್ಲೇ ಇದ್ದರೂ ಇರಬಹುದು. ಹತ್ತಿ ಜಿನ್ನಿಂಗ್ ಗಿರಣಿ ನಡೆಸುತ್ತಿದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದೃಷ್ಟಾಂತದಲ್ಲಿ ಸಾಹುಕಾರ ಬಂದ ಕೂಡಲೇ ನೀವು ಇವನು ಕೆಟ್ಟವನೇ ಎಂದು ತೀರ್ಮಾನಿಸಿ ಆರಾಮಾಗಿ ಗೋಡೆಗೆ ಒರಗಿಬಿಡುತ್ತೀರಿ. ಒರಗಬೇಡಿ. ಅವನು ಕುಡಿಯುತ್ತಿರಲಿಲ್ಲ, ಯಾರಿಗೂ ಮೋಸ ಮಾಡಿದವನಲ್ಲ, ಬಾಗಿಲಿಗೆ ಬಂದವರನ್ನು ಹಸಿದು ಕಳಿಸಿದವನಲ್ಲ. ಅವನಿಗೆ ಒಂದೇ ರೋಗ ಇತ್ತು. ಕೂರಲು ಬರುತ್ತಿರಲಿಲ್ಲ.

ಊಟಕ್ಕೆ ಕುಳಿತರೆ ಮೊಣಕಾಲು ಕುಣಿಯುತ್ತಿತ್ತು, ಮುಂದಿದ್ದ ತಾಟೂ ಕುಣಿಯುತ್ತಿತ್ತು. ಗಿರಣಿಯಲ್ಲಿ ಇದ್ದರೆ ಮನೆಯ ಯೋಚನೆ, ಮನೆಯಲ್ಲಿ ಇದ್ದರೆ ಗಿರಣಿಯ ಯೋಚನೆ. ಯಾರಾದರೂ ಮಾತು ಶುರು ಮಾಡಿದರೆ ಅರ್ಧಕ್ಕೆ "ಗೊತ್ತಾತು, ಗೊತ್ತಾತು" ಎನ್ನುವನು. ಏನು ಗೊತ್ತಾಯಿತೋ ಅವನಿಗೂ ಗೊತ್ತಿಲ್ಲ. ನಗುತ್ತಿದ್ದೀರಿ. ಈ ಸಭೆಯಲ್ಲಿ ಈಗ ಎಷ್ಟು ಮೊಣಕಾಲು ಕುಣಿಯುತ್ತಿವೆ ಎಂಬುದು ಮೇಲೆ ಕುಳಿತ ನನಗೆ ಕಾಣುತ್ತದೆ.

ಅವನ ಹೆಸರು ಹೇಳಲಿಲ್ಲ. ಆದರೆ ಅವನ ಹೆಂಡತಿಯ ಹೆಸರು ಹೇಳುತ್ತೇನೆ, ಯಾಕೆಂದರೆ ಆ ಮನೆಯಲ್ಲಿ ಆ ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಕಸ್ತೂರೆವ್ವ. ಮದುವೆಯಾಗಿ ಮೂವತ್ತೊಂದು ವರ್ಷ. ಗಂಡ ಆಕೆಯನ್ನು "ಏ" ಎನ್ನುತ್ತಿದ್ದ, ಆಳುಗಳು ಅವ್ವಾರು ಎನ್ನುತ್ತಿದ್ದರು.

ಒಂದು ಸಂಜೆ ಸಾಹುಕಾರ ಹೊಸ್ತಿಲಲ್ಲಿ ನಿಂತು ಒಂದು ಕಾಲಿಗೆ ಚಪ್ಪಲಿ ಹಾಕಿದ್ದಾನೆ, ಇನ್ನೊಂದನ್ನು ಕಾಲಿನಿಂದಲೇ ಹುಡುಕುತ್ತಿದ್ದಾನೆ. ಕಸ್ತೂರೆವ್ವ ದೇವರ ಮುಂದೆ ದೀಪ ಹಚ್ಚಿ ಬಂದು ಹೇಳಿದಳು, "ನಾಕು ದಿನ ಆತ್ರಿ, ದೀಪದ ಸುತ್ತ ಬಣ್ಣದ ಬಳಿ ಕಂಡಂಗ ಆಗ್ತಾವು. ಹಣಿ ಸಿಡಿತೈತಿ." ಸಾಹುಕಾರ ಎಂದಿನಂತೆ "ಗೊತ್ತಾತು" ಎಂದು ಹೊರಟ. ಅವನಿಗೆ ಕೇಳಿಸಿದ್ದು ಎರಡೇ ಮಾತು, ಬಣ್ಣದ ಬಳಿ. ಮೂರನೆಯ ದಿನ ಬಳೆಗಾರ ಮಲಾರ ಹೊತ್ತು ಅಂಗಳಕ್ಕೆ ಬಂದು, ಸಾಹುಕಾರರು ಕಳಿಸಿದ್ದಾರೆ, ಯಾವ ಬಣ್ಣ ಇಡಲಿ ಎಂದು ಕೇಳಿದ. ಆಕೆ ಏನು ಹೇಳಬೇಕು? ಕೈ ಚಾಚಿದಳು. ಎರಡು ಡಜನ್ ಬಳೆ. ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ನೋಡಿ, ಕೇಳಿದ್ದನ್ನು ಮೂರೇ ದಿನಕ್ಕೆ ತಂದುಕೊಡುವ ಗಂಡ ಯಾರಿಗೆ ಸಿಗುತ್ತಾನೆ ಎಂದು ಹೊಗಳಿ ಹೋದರು. ಈಗ ಮಾತ್ರ ನೀವು ನಗಲಿಲ್ಲ.

ಮುಂದಿನ ಸೋಮವಾರ ಆಕೆ ಮಠಕ್ಕೆ ಬಂದಳು. ಆಗ ನಮ್ಮ ಗುರುಗಳಿಗೆ ಎಂಬತ್ತು ದಾಟಿತ್ತು. ಊರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿತ್ತು. ದನಿ ಬಹಳ ಕುಗ್ಗಿತ್ತು, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ತೆಗೆದುಕೊಳ್ಳಬೇಕಿತ್ತು. ಕಸ್ತೂರೆವ್ವ ದೀಪದ ಸುತ್ತಲಿನ ಬಣ್ಣ ಹೇಳಿದಳು, ತಲೆನೋವು ಹೇಳಿದಳು, ಬಳೆ ಇಡಿಸಿದ್ದನ್ನೂ ಹೇಳಿದಳು. ಅಜ್ಜಾರು ನಗಲಿಲ್ಲ. ಕೂಡಲೇ ಸಾಹುಕಾರನಿಗೆ ಹೇಳಿ ಕಳಿಸಿದರು.

ಬಂದ ಸಾಹುಕಾರ. ಕೂಡು ಎಂದರೆ ಅರ್ಧ ಕೂತ. ಅಜ್ಜಾರು ಶುರು ಮಾಡಿದರು, "ಮನಿಯೊಳಗ ದೀಪ ಐತಿ." ಉಸಿರು ತೆಗೆದುಕೊಂಡರು. "ಅದಕ್ಕ ಲಕ್ಷ ಕೊಡು." ಮತ್ತೆ ಉಸಿರು. "ಮೊದಲ..."

"ಗೊತ್ತಾತ್ರಿ ಅಜ್ಜಾರ" ಎಂದ ಸಾಹುಕಾರ. ಪಾದ ಮುಟ್ಟಿ ನಮಸ್ಕರಿಸಿ ಹೊರಟೇ ಹೋದ.

ಆ "ಮೊದಲ" ಎಂಬುದರ ಮುಂದೆ ಏನಿತ್ತು? ಮೊದಲು ಆಕೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂಬುದಿತ್ತು. ಮೂರು ಉಸಿರಿನಷ್ಟು ಹೊತ್ತು ಕುಳಿತಿದ್ದರೆ ಕೇಳಿಸುತ್ತಿತ್ತು. ಅವನ ತಲೆಯೊಳಗೆ ಹೋದದ್ದು ಮನೆ, ದೀಪ, ಲಕ್ಷ. ಲೆಕ್ಕದ ಮನುಷ್ಯನಿಗೆ ಲಕ್ಷ ಎಂದರೆ ಇನ್ನೇನು ಕೇಳಿಸಬೇಕು? ಮರುದಿನ ಬೆಳಿಗ್ಗೆ ಊರ ತುಂಬ ಸುದ್ದಿ ಹಬ್ಬಿತು, ಅಜ್ಜಾರ ಅಪ್ಪಣೆಯಂತೆ ಸಾಹುಕಾರರ ಮನೆಯಲ್ಲಿ ಕಾರ್ತಿಕಕ್ಕೆ ಲಕ್ಷ ದೀಪ.

ಮನೆಯ ದೀಪ ಅಂದಮೇಲೆ ಬತ್ತಿಯನ್ನು ಮನೆಯ ಯಜಮಾನಿಯೇ ಹೊಸೆಯಬೇಕು ಎಂದು ಅವನೇ ತೀರ್ಮಾನಿಸಿದ. ಗಿರಣಿಯಿಂದ ಹಾಲಿನಂಥ ಅರಳೆ ತರಿಸಿದ. ಅರಳೆ ಬಿಡಿಸಿ ಕೊಡಲು ಫಕೀರವ್ವ ಎಂಬ ಹೆಂಗಸನ್ನು ನೇಮಿಸಿದ. ಲೆಕ್ಕ ಹಾಕಿದ: ದಿನಕ್ಕೆ ಐನೂರು ಬತ್ತಿ, ಇನ್ನೂರು ದಿನ. ವೈಶಾಖದಲ್ಲಿ ಶುರು ಮಾಡಿದರೆ ಕಾರ್ತಿಕಕ್ಕೆ ಸರಿಹೋಗುತ್ತದೆ. ಯಾವ ಕಣ್ಣಿಗೆ ಆರೈಕೆ ಬೇಕು ಎಂದು ಅಜ್ಜಾರು ಹೇಳಹೊರಟಿದ್ದರೋ ಅದೇ ಕಣ್ಣನ್ನು ದಿನಕ್ಕೆ ಐನೂರು ಸಲ ಬಿಳಿ ಅರಳೆಯ ಮೇಲೆ ಊರಿಸಿದ. ಭಕ್ತಿಯಿಂದಲೇ ಮಾಡಿದ ನೋಡಿ. ಅದಕ್ಕೇ ನನಗೆ ಈ ಕಥೆಯೆಂದರೆ ಹೆದರಿಕೆ.

ಆಕೆ ಯಾಕೆ ಮತ್ತೊಮ್ಮೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೆಣ್ಣುಮಕ್ಕಳ ಸಾಲಿನಿಂದ ಯಾರೂ ಕೇಳುತ್ತಿಲ್ಲ, ಗಂಡಸರು ಕೇಳುತ್ತಿದ್ದೀರಿ. ಕಾರಣ ಹೇಳುತ್ತೇನೆ. ದಿನಾ ಸಂಜೆ ಗಿರಣಿಯಿಂದ ಬಂದ ಸಾಹುಕಾರ ಆಕೆ ಕುಳಿತ ಪಡಸಾಲೆಗೆ ಬಂದು "ಎಷ್ಟಾತು?" ಎಂದು ಕೇಳುತ್ತಿದ್ದ. ಆಕೆ ಮೂರು ಸಾವಿರ ಎನ್ನುವಳು, ಒಂಬತ್ತು ಸಾವಿರದ ಐನೂರು ಎನ್ನುವಳು. ಅವನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು ಹೋಗುವನು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಗಂಡ ದಿನಕ್ಕೊಮ್ಮೆ ತಪ್ಪದೆ ಎದುರಿಗೆ ಬಂದು ನಿಂತು ಒಂದು ಪ್ರಶ್ನೆ ಕೇಳುತ್ತಿದ್ದ. ಅಷ್ಟಕ್ಕೇ ಆಕೆ ಸಂತೋಷಪಟ್ಟಳು. ಕಣ್ಣಿನ ಮಾತು ತೆಗೆದರೆ ಆ ಪ್ರಶ್ನೆಯೂ ನಿಂತುಹೋದೀತು ಎಂದು ಸುಮ್ಮನಾದಳು. ಇದನ್ನು ನನಗೆ ಆಮೇಲೆ ಫಕೀರವ್ವ ಹೇಳಿದಳು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಇನ್ನು ಮಠದ ಕಿರಿಯ ಸ್ವಾಮಿಯ ಭಾಗ. ಬೇರೆ ಊರುಗಳಲ್ಲಿ ಈ ಕಥೆ ಹೇಳುವಾಗ ನಾನು "ಒಬ್ಬ ಕಿರಿಯ ಸ್ವಾಮಿ ಇದ್ದ" ಎಂದು ಹೇಳಿ ದಾಟಿಸಿದ್ದೇನೆ. ಇವತ್ತು ಆಗುವುದಿಲ್ಲ. ಆ ಸ್ವಾಮಿ ನಾನೇ.

ಲಕ್ಷ ದೀಪದ ಸುದ್ದಿ ಹಾಸಿಗೆ ಹಿಡಿದಿದ್ದ ಅಜ್ಜಾರ ಕಿವಿಗೆ ಬೀಳುವ ಹೊತ್ತಿಗೆ ಜ್ಯೇಷ್ಠ ಮಾಸ. ನನ್ನನ್ನು ಕರೆದರು. ಕೈ ಹಿಡಿದುಕೊಂಡರು. "ಹೋಗಿ ಹೇಳು. ನಾ ಎಣಸಾಕ ಹೇಳಿಲ್ಲ, ನೋಡಾಕ ಹೇಳೀನಿ. ಆಕಿ ಕಣ್ಣು ತೋರಸು ಅಂತ ಹೇಳು. ಇವತ್ತ ಹೋಗು."

ಅದೇ ದಿನ ಹೋದೆ. ಸಾಹುಕಾರ ಬಾಗಿಲಲ್ಲೇ ಕಾಲು ತೊಳೆದು ಹಾರ ಹಾಕಿದ. ಗೋಡೆಯ ಮೇಲಿನ ಅಂಕಿ ತೋರಿಸಿದ, ಹದಿನೆಂಟು ಸಾವಿರ. ಲಕ್ಷ ಪಣತಿಗೆ ಕುಂಬಾರರಿಗೆ ಹೇಳಿಯಾಗಿದೆ, ಪತ್ರಿಕೆಯವರು ಬರುತ್ತಾರೆ, ಮಠದ ಹೆಸರು ಜಿಲ್ಲೆಗೆಲ್ಲ ಗೊತ್ತಾಗುತ್ತದೆ, ಅದರ ಬೆನ್ನಿಗೇ ದಾಸೋಹದ ಮನೆಗೆ ಹೊಸ ಛಾವಣಿ ಹಾಕಿಸುತ್ತೇನೆ ಎಂದ. ನನಗೆ ಆಗ ಮೂವತ್ತೆರಡು ವರ್ಷ. ಮಳೆ ಬಂದಾಗಲೆಲ್ಲ ಸೋರುವ ಆ ದಾಸೋಹದ ಮನೆಯ ಜವಾಬ್ದಾರಿ ನನ್ನದು. ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು.

ಕಸ್ತೂರೆವ್ವ ಪಡಸಾಲೆಯಲ್ಲಿ ಕುಳಿತಿದ್ದಳು. ನಾನು ಹತ್ತಿರ ಹೋಗಿ ಹೇಗಿದ್ದೀರಿ ಅವ್ವಾ ಎಂದು ಕೇಳಿದೆ. ಆಕೆ ಗಡಬಡಿಸಿ ಎದ್ದು ಕೈ ಮುಗಿದಳು. ನನಗಲ್ಲ. ನನ್ನಿಂದ ಒಂದು ಮೊಳ ಆಚೆ ಇದ್ದ ಬಾಗಿಲ ಚೌಕಟ್ಟಿಗೆ. ನಾನು ಅದನ್ನು ನೋಡಿದೆ. ಈ ಎರಡು ಕಣ್ಣಿಂದ ನೋಡಿದೆ. ನಾಚಿಕೆ ಸ್ವಭಾವದ ಹೆಣ್ಣುಮಗಳು, ಸ್ವಾಮಿಗಳ ಮುಖ ನೋಡಲು ಸಂಕೋಚ ಎಂದುಕೊಂಡೆ. ಕಣ್ಣಿನದು ಏನಿದ್ದೀತು, ವಯಸ್ಸಾಯಿತು, ಚಾಳೀಸು ಬಂದಿರಬೇಕು ಎಂದುಕೊಂಡೆ. ಚಾಳೀಸು ಅಂದರೂ ಅಂಕಿಯೇ ನೋಡಿ. ನಲವತ್ತು ಎಂಬ ಹಿಂದಿಯ ಮಾತು ನಮ್ಮಲ್ಲಿಗೆ ಬಂದು ಕನ್ನಡಕವಾಗಿ ಕುಳಿತಿದೆ. ಅಂಕಿ ಗೊತ್ತಿದ್ದರೆ ಸಾಕು, ಮನುಷ್ಯರನ್ನು ನೋಡುವ ಕಷ್ಟ ನಮಗೆ ಬೇಕಿಲ್ಲ. ಈ ಅವಸರದಲ್ಲಿ ಬೇಡ, ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಎಂದು ಹಾಲು ಕುಡಿದು ಎದ್ದೆ.

ಮಠಕ್ಕೆ ಬಂದಾಗ ಅಜ್ಜಾರು ಕೇಳಿದರು, ಹೇಳಿದೆಯಾ ಎಂದು. ಹೇಳೀನ್ರಿ ಎಂದೆ.

ಕಾವಿ ಉಟ್ಟುಕೊಂಡು ಸುಳ್ಳು ಹೇಳಿದೆ. ಅಜ್ಜಾರು ನಂಬಿದರು, ನೆಮ್ಮದಿಯಿಂದ ದಿಂಬಿಗೆ ಒರಗಿದರು. ಭಾದ್ರಪದದಲ್ಲಿ ಲಿಂಗೈಕ್ಯರಾದರು. ಸಮಾಧಿಯ ಕೆಲಸ, ಪಟ್ಟದ ಕೆಲಸ ಎಂದು ನಾನು ಓಡಾಡಿದೆ. ಆ ಇನ್ನೊಮ್ಮೆ ಬರಲೇ ಇಲ್ಲ. ಸಾಹುಕಾರನ ಮೊಣಕಾಲು ಕುಣಿಯುತ್ತಿತ್ತು ಎಂದು ಹೇಳಿ ನಿಮ್ಮನ್ನು ನಗಿಸಿದೆನಲ್ಲ, ಆ ವರ್ಷ ನನ್ನ ಮೊಣಕಾಲು ಅವನದಕ್ಕಿಂತ ಜೋರಾಗಿ ಕುಣಿಯುತ್ತಿತ್ತು.

ಆ ಮನೆಯಲ್ಲಿ ಲಕ್ಷ ಕೊಟ್ಟವಳು ಒಬ್ಬಳೇ, ಫಕೀರವ್ವ. ಮೊದಮೊದಲು ಬೆರಳುದ್ದಕ್ಕೆ ಸರಿಯಾಗಿದ್ದ ಬತ್ತಿಗಳು ಬರಬರುತ್ತ ಉದ್ದ ಗಿಡ್ಡ ಆಗಿದ್ದನ್ನು ಅವಳು ಕಂಡಳು. ಹೊಸೆದ ಬತ್ತಿಯನ್ನು ಕಸ್ತೂರೆವ್ವ ತಾಟಿಗೆ ಹಾಕುವ ಬದಲು ನೆಲಕ್ಕೆ ಹಾಕುವುದನ್ನು ಕಂಡಳು. ತಾನೇ ಎತ್ತಿ ತಾಟಿಗಿಟ್ಟು ಯಾರಿಗೂ ತಿಳಿಯದಂತೆ ನೋಡಿಕೊಂಡಳು. ಒಂದು ದಿನ ಕಸ್ತೂರೆವ್ವ ನೀರಿನ ತಂಬಿಗೆ ಎಂದು ಗಾಳಿ ಹಿಡಿದಾಗ ತಡೆಯಲಾಗಲಿಲ್ಲ. ಸಂಜೆ ಸಾಹುಕಾರ ಸೀಮೆಸುಣ್ಣ ತೆಗೆದುಕೊಂಡಾಗ ಅಡ್ಡ ನಿಂತಳು. ಕೂಲಿಗೆ ಬಂದವಳು ಒಡೆಯನಿಗೆ ಅಡ್ಡ ನಿಲ್ಲುವುದು ಸಣ್ಣ ಮಾತಲ್ಲ.

"ಅವ್ವಾರ ಕಣ್ಣಿಗೆ ಏನೋ ಆಗೇತ್ರಿ ಸಾಹುಕಾರ್ರ. ಒಂದೀಟು ಲಕ್ಷ ಕೊಡ್ರಿ" ಎಂದಳು.

"ಲಕ್ಷಕ್ಕ ಇನ್ನ ಹನ್ನೆರಡ ಸಾವಿರ ಕಮ್ಮಿ ಅದಾವು. ಲಕ್ಷ ಮುಗೀಲಿ, ತೋರ್ಸೋಣಂತ" ಎಂದ ಸಾಹುಕಾರ.

ಫಕೀರವ್ವ ಕೇಳಿದ ಲಕ್ಷ ಒಂದು, ಅವನು ಕೊಟ್ಟ ಉತ್ತರದ ಲಕ್ಷ ಇನ್ನೊಂದು. ಇಬ್ಬರೂ ಕನ್ನಡದವರು, ಇಬ್ಬರೂ ಒಂದೇ ಓಣಿಯವರು. ಹನ್ನೆರಡು ಸಾವಿರ ಬತ್ತಿ ಎಂದರೆ ಇಪ್ಪತ್ನಾಲ್ಕು ದಿನ. ಆ ಇಪ್ಪತ್ನಾಲ್ಕು ದಿನದಲ್ಲಿ ಆ ಮನೆಯಲ್ಲಿ ಏನು ಕಡಿಮೆಯಾಗುತ್ತ ಹೋಯಿತು ಎಂದು ಗೋಡೆಯ ಮೇಲೆ ಯಾರೂ ಬರೆಯಲಿಲ್ಲ.

ಕಾರ್ತಿಕ ಬಂತು. ಗಿರಣಿಯ ಮುಂದೆ ಹತ್ತಿ ಹರಡುವ ಬಯಲನ್ನು ಸಾರಿಸಿ ಪಣತಿ ಜೋಡಿಸಿದರು. ಊರಿಗೆ ಊರೇ ಎಣ್ಣೆ ಹೊಯ್ಯಲು ನಿಂತಿತು. ಹೊತ್ತು ಮುಳುಗುವ ಸಮಯಕ್ಕೆ ನೂರಾರು ಕೈ ಸೇರಿ ಹಚ್ಚಿದವು. ನಾನೂ ಪೀಠದ ಮೇಲೆ ಕುಳಿತಿದ್ದೆ. ಸುಳ್ಳು ಹೇಳುವುದಿಲ್ಲ, ಬಹಳ ಚೆಂದವಿತ್ತು. ಜನ ಜಯಕಾರ ಹಾಕಿದರು. ಸಾಹುಕಾರನ ಮುಖದಲ್ಲಿ ಅಂಥ ಗೆಲುವನ್ನು ನಾನು ಹಿಂದೆ ನೋಡಿರಲಿಲ್ಲ. ಅವನು ಗಿರಣಿಯ ಒಳಗೆ ಕೂರಿಸಿದ್ದ ಹೆಂಡತಿಯ ಕೈ ಹಿಡಿದು ಕರೆತಂದ. ನಾವಿದ್ದ ವೇದಿಕೆಯ ಮೆಟ್ಟಿಲು ಹತ್ತಿಸಿದ, ಎಲ್ಲ ದೀಪಗಳೂ ಕಾಣುವ ಜಾಗಕ್ಕೆ ತಂದು ನಿಲ್ಲಿಸಿದ. ನೋಡು, ಲಕ್ಷ ಎಂದ.

ಕಸ್ತೂರೆವ್ವ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದಳು. "ಎಣ್ಣಿ ವಾಸನಿ ಬರಾಕತ್ತೈತಿ" ಎಂದಳು. "ಮುಖಕ್ಕ ಝಳ ಬಡಿಯಾಕತ್ತೈತಿ. ಎಲ್ಲಿ ಹಚ್ಚೀರಿ?"

ನನಗೆ ನಾಲ್ಕು ಮಾರು ದೂರದಲ್ಲಿ ಆಕೆ ಈ ಮಾತು ಆಡಿದ್ದು. ಸಾಹುಕಾರ ಆಕೆಯ ಗಲ್ಲ ಹಿಡಿದು ಮುಖವನ್ನು ದೀಪಗಳ ಕಡೆಗೆ ತಿರುಗಿಸಿದ. ಇಲ್ಲಿ ನೋಡು, ಇಲ್ಲಿ ಎಂದ. ಆಕೆ ಗಂಡನಿಗೆ ಬೇಸರವಾಗಬಾರದೆಂದು ಹೂಂ ಎಂದಳು, ಚೆಂದ ಐತಿ ಎಂದಳು. ಅವನು ಕೈ ಬಿಟ್ಟ ಮೇಲೆ ಆಕೆ ನೋಡುತ್ತಿದ್ದದ್ದು ಗಿರಣಿಯ ಕತ್ತಲೆ ಗೋಡೆಯನ್ನು. ಆಗ ಆ ಮನುಷ್ಯ ನಿಂತ. ಹುಟ್ಟಿದಾಗಿನಿಂದ ನಿಲ್ಲದ ಮನುಷ್ಯ ನಿಂತಲ್ಲೇ ನಿಂತುಬಿಟ್ಟ. ಜನ ಜಯಕಾರ ಹಾಕುತ್ತಲೇ ಇದ್ದರು.

ಬೆಳಗಾಗುತ್ತಲೇ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋದೆ, ಯಾರೂ ಕರೆಯದಿದ್ದರೂ ಹೋದೆ. ಕಣ್ಣಿನೊಳಗಿನ ಒತ್ತಡ ಏರಿ ಒಳಗಿನ ನರ ಸತ್ತುಹೋಗಿದೆ ಎಂದರು ಡಾಕ್ಟರು. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿನಲ್ಲಿ ಎಡಬದಿಗೆ ಒಂದು ಕಿಟಕಿಯಷ್ಟು ಉಳಿದಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು. ದೀಪದ ಸುತ್ತ ಬಣ್ಣದ ಉಂಗುರದ ಹಾಗೆ ಏನಾದರೂ ಕಾಣುತ್ತಿತ್ತೇ, ಆಗಲೇ ಯಾಕೆ ಹೇಳಲಿಲ್ಲ ಎಂದು ಆಕೆಯನ್ನು ಕೇಳಿದರು.

"ಹೇಳಿದ್ದೆರಿ" ಎಂದಳು ಕಸ್ತೂರೆವ್ವ. ಅಷ್ಟೇ ಹೇಳಿದಳು. ಗಂಡನ ಮೇಲೆ ದೂರಲಿಲ್ಲ. ಸಾಹುಕಾರ ಆಕೆಯ ಕೈಯ ಬಳೆಗಳನ್ನೇ ನೋಡುತ್ತ ಕುಳಿತಿದ್ದ.

ಡಾಕ್ಟರು ಎರಡು ಸೀಸೆ ಔಷಧಿ ಕೊಟ್ಟರು. ದಿನಕ್ಕೆ ಮೂರು ಹೊತ್ತು, ಗಳಿಗೆ ತಪ್ಪದೆ. ಒಂದು ಸೀಸೆಯಿಂದ ಒಂದು ಹನಿ ಹಾಕಿ, ಐದು ನಿಮಿಷ ಬಿಟ್ಟು, ಇನ್ನೊಂದರಿಂದ ಒಂದು ಹನಿ. ಹಾಕುವವರ ಕೈ ಅಲುಗಬಾರದು. ಯಾರು ಹಾಕುತ್ತೀರಿ ಎಂದು ಕೇಳಿದರು. ಸಾಹುಕಾರ ನಾನು ಎಂದ.

ನೋಡಿ ಬಂಧುಗಳೇ, ಆ ಮನುಷ್ಯನಿಗೆ ಸಿಕ್ಕ ಶಿಕ್ಷೆ ಅದು, ಔಷಧಿಯೂ ಅದೇ. ಐದು ನಿಮಿಷ ಏನು ಮಾಡಬೇಕು? ಎದ್ದು ಹೋಗುವಂತಿಲ್ಲ. ಆಕೆ ಕಣ್ಣು ಮುಚ್ಚಿ ಕುಳಿತಿರುತ್ತಾಳೆ, ಇವನು ಎದುರಿಗೆ ಕುಳಿತಿರಬೇಕು. ಮೊದಲ ವಾರ ಅವನಿಗೆ ಮೈಯೆಲ್ಲ ಇರುವೆ ಹರಿದ ಹಾಗೆ ಆಗುತ್ತಿತ್ತಂತೆ. ಆಮೇಲೆ ಆಕೆ ಮಾತಾಡಲು ಶುರು ಮಾಡಿದಳು. ಇವನು ಗೊತ್ತಾತು ಎನ್ನಲು ಬಾಯಿ ತೆರೆದು ತೆರೆದು ಮುಚ್ಚಿಕೊಂಡ. ಮೂರು ತಿಂಗಳಾದ ಮೇಲೆ ಒಂದು ದಿನ ಮಠಕ್ಕೆ ಬಂದು, ಪೂರ್ತಿ ಕುಳಿತು, ನನಗೆ ಒಂದು ಮಾತು ಹೇಳಿದ.

"ಬುದ್ಧೀ, ಆಕಿ ಎಡಗಣ್ಣಿನ ಬಿಳಿ ಒಳಗ ಎಳ್ಳಿನಷ್ಟು ಒಂದ ಮಚ್ಚಿ ಐತ್ರಿ. ಹುಟ್ಟಿದಾಗಿಂದ ಐತಂತ. ಮೂವತ್ತೊಂದ ವರ್ಷ ಆತು, ಈಗ ಕಂಡೆ."

ಆ ದಿನ ನಾನು ಕಪಾಟಿನಿಂದ ಹಳೆಯ ನಿಘಂಟು ತೆಗೆದೆ. ಮಾಸ್ತರರು ಬಲ್ಲರು, ಲಕ್ಷ್ ಎಂಬ ಧಾತುವಿಗೆ ನೋಡು, ಗುರುತು ಹಿಡಿ ಎಂದು ಅರ್ಥ. ಲಕ್ಷ ಎಂದರೆ ಮೊದಲು ಗುರುತು, ಮಚ್ಚೆಯಂಥ ಒಂದು ಸಣ್ಣ ಚಿಹ್ನೆ. ಲಕ್ಷಣ ಎಂಬ ಮಾತು ಅಲ್ಲಿಂದಲೇ ಬಂದದ್ದು. ಬಿಲ್ಲುಗಾರ ಕಣ್ಣು ನೆಟ್ಟ ಗುರಿಯೂ ಅದೇ. ಐದು ಸೊನ್ನೆಯ ಅರ್ಥ ಬಂದದ್ದು ಆಮೇಲೆ ಎನ್ನುತ್ತಾರೆ ಬಲ್ಲವರು. ಒಂದನ್ನು ನೆಟ್ಟ ಕಣ್ಣಿನಿಂದ ನೋಡುವುದಕ್ಕೆ ಇದ್ದ ಮಾತನ್ನು ನಾವು ಹೇಗೋ ಮಾಡಿ, ನೋಡದೆ ಎಣಿಸುವುದಕ್ಕೆ ಇಟ್ಟುಕೊಂಡೆವು.

ಇನ್ನು ನನ್ನ ಕಥೆ ಬಾಕಿ ಇದೆ. ಸಾಹುಕಾರ ಕೇಳದೆ ಕೆಟ್ಟ, ನಾನು ಹೇಳದೆ ಕೆಟ್ಟೆ. ಅವನು ತನ್ನ ತಪ್ಪನ್ನು ದಿನಕ್ಕೆ ಮೂರು ಹೊತ್ತು ತೊಳೆಯುತ್ತಿದ್ದ. ನಾನು? ವರ್ಷ ಕಳೆದ ಮೇಲೆ ಧೈರ್ಯ ಬಂತು. ಹೋದೆ. ಬಾಗಿಲಲ್ಲಿ ನಿಂತು ನಾನು ಬಂದಿದ್ದೇನೆ ಎಂದೆ. "ಈ ಕಡಿ ಬಂದು ಕೂಡ್ರಿ ಬುದ್ಧೀ. ಎಡಕ್ಕಾದ್ರ ನೀವು ಕಾಣ್ತೀರಿ" ಎಂದಳು ಕಸ್ತೂರೆವ್ವ. ಎಡಕ್ಕೆ ಹೋಗಿ ಕುಳಿತೆ. ಎಲ್ಲ ಹೇಳಿದೆ. ಅಜ್ಜಾರು ಕಳಿಸಿದ್ದು, ನಾನು ಬಂದದ್ದು, ಚೌಕಟ್ಟಿಗೆ ಕೈ ಮುಗಿದದ್ದನ್ನು ನೋಡಿದ್ದು, ಛಾವಣಿಯ ಆಸೆಗೆ ಬಾಯಿ ಮುಚ್ಚಿಕೊಂಡದ್ದು. ಆಕೆ ಕ್ಷಮಿಸಿದೆ ಎನ್ನುತ್ತಾಳೆ, ನಾನು ಹಗುರಾಗಿ ಎದ್ದು ಬರುತ್ತೇನೆ ಎಂದುಕೊಂಡಿದ್ದೆ. ದೃಷ್ಟಾಂತಗಳಲ್ಲಿ ಹಾಗೇ ಆಗುತ್ತದೆ, ನಾನೇ ಎಷ್ಟೋ ಹೇಳಿದ್ದೇನೆ.

ಆಕೆ ಕೊನೆಯವರೆಗೂ ಕೇಳಿದಳು. "ಅವತ್ತ ಹೇಳಿದ್ರ ಆಗ್ತಿತ್ತ್ರಿ" ಎಂದಳು.

ಸಿಟ್ಟಿಲ್ಲ, ಅಳುವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಮೇಲೆ ಎದ್ದು ಗೋಡೆ ಹಿಡಿದು ನಡೆದು ಹೋಗಿ ನನಗೆ ನೀರು ತಂದುಕೊಟ್ಟಳು. ಅವತ್ತಿನಿಂದ ಇವತ್ತಿನವರೆಗೆ ನನಗೆ ಸಮಾಧಾನವಿಲ್ಲ. ಸಮಾಧಾನ ಆಗಬೇಕೆಂದು ನಾನು ಬೇಡುವುದನ್ನೂ ಬಿಟ್ಟಿದ್ದೇನೆ.

ಈಗ ನಿಮ್ಮ ಸರದಿ. ಲಕ್ಷ ಜಪ ಮಾಡಿಸಿದ್ದೀರಿ, ಲಕ್ಷ ಬಿಲ್ವಾರ್ಚನೆ ಮಾಡಿಸಿದ್ದೀರಿ, ನಾನೇ ಬಂದು ಆಶೀರ್ವದಿಸಿದ್ದೇನೆ. ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ತಾಯಿ ಈಗ ಯಾವ ಕಿವಿಯಿಂದ ಕೇಳಿಸಿಕೊಳ್ಳುತ್ತಾಳೆ, ಹೇಳಿ. ಮಗಳು ಇತ್ತೀಚೆಗೆ ಅರ್ಧ ರೊಟ್ಟಿ ಬಿಟ್ಟು ಏಳುತ್ತಾಳಲ್ಲ, ಎಂದಿನಿಂದ? ಗಂಡ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾನಲ್ಲ, ಎಷ್ಟನೇ ಮೆಟ್ಟಿಲಲ್ಲಿ? ಹೆಣ್ಣುಮಕ್ಕಳೂ ನಗಬೇಡಿ, ನಿಮಗೂ ಕೇಳುತ್ತಿದ್ದೇನೆ. ಮಾರ್ಕು ಎಷ್ಟು ಬಂತು, ಸಂಬಳ ಎಷ್ಟಾಯಿತು, ಸಕ್ಕರೆ ಎಷ್ಟಿದೆ, ತೂಕ ಎಷ್ಟಿದೆ. ಮನೆಯಲ್ಲಿ ನಾವು ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ದಿನ ಬರೆದಿಟ್ಟು ನೋಡಿ, ಎಲ್ಲದರಲ್ಲೂ ಒಂದು ಎಷ್ಟು ಇರುತ್ತದೆ. ಹೇಗೆ ಎಂದು ಕೇಳಿದರೆ ಕುಳಿತು ಉತ್ತರ ಕೇಳಬೇಕಾಗುತ್ತದೆ, ಅದಕ್ಕೇ ಕೇಳುವುದಿಲ್ಲ.

ಆದ್ದರಿಂದ ಇವತ್ತು ಮನೆಗೆ ಹೋಗಿ ಮಾಡಬೇಕಾದದ್ದು ಇಷ್ಟು. ಯಾರಾದರೂ ಮಾತು ಶುರು ಮಾಡಿದರೆ ಚಪ್ಪಲಿ ಬಿಟ್ಟು ಕುಳಿತುಕೊಳ್ಳಿ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಅವರು ಉಸಿರು ತೆಗೆದುಕೊಳ್ಳಲು ನಿಂತರೆ ಮಾತು ಮುಗಿಯಿತು ಎಂದುಕೊಳ್ಳಬೇಡಿ, ಮುಂದಿನ ಮಾತೇ ಮುಖ್ಯವಾಗಿರಬಹುದು. ಯಾರಿಗಾದರೂ ಮುಟ್ಟಿಸಬೇಕಾದ ಮಾತೊಂದು ನಿಮ್ಮ ಹತ್ತಿರ ಉಳಿದಿದ್ದರೆ ನಾಳೆಗೆ ಇಡಬೇಡಿ. ಮುಜುಗರವಾದರೆ ಆಗಲಿ, ಛಾವಣಿ ಹೋದರೆ ಹೋಗಲಿ, ಇವತ್ತೇ ಮುಟ್ಟಿಸಿ.

ಪ್ರವಚನ ಇನ್ನೂ ಅರ್ಧ ಗಂಟೆ ನಡೆಯಬೇಕು. ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಆ ಅರ್ಧ ಗಂಟೆ ನನ್ನದಲ್ಲ. ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಮೊನ್ನೆ ನಿಮಗೆ ಏನೋ ಹೇಳಲು ಶುರು ಮಾಡಿ, ನಿಮ್ಮ ಮುಖ ನೋಡಿ, ಏನಿಲ್ಲ ಬಿಡು ಎಂದು ಸುಮ್ಮನಾಗಿದ್ದಾರೆ. ಯಾರು ಎಂದು ನಿಮಗೆ ಈಗ ನೆನಪಾಯಿತು. ಏಳಿ. ಹೋಗಿ, ಅವರ ಎದುರಿಗೆ ಕುಳಿತು, ಅವತ್ತು ಏನು ಹೇಳಬೇಕೆಂದಿದ್ದೆ ಎಂದು ಕೇಳಿ.